ಗಿಟಾರಿನ ಬಡಗಿ ಆಂಟೋನಿಯೊ ದೆ ತೊರೆಸ್

ವಾದ್ಯವನ್ನು ನುಡಿಸಿದವನ ಹೆಸರನ್ನು ಲೋಕವು ನೆನಪಿನಲ್ಲಿಡುತ್ತದೆ. ಅದನ್ನು ಮಾಡಿಕೊಟ್ಟವನ ಹೆಸರನ್ನು ಬಹುಬೇಗ ಮರೆಯುತ್ತದೆ. ವೀಣೆ ಶೇಷಣ್ಣನವರ ಹೆಸರನ್ನು ಕೇಳದ ಮೈಸೂರಿಗನಿಲ್ಲ. ಅವರ ಕೈಯಲ್ಲಿದ್ದ ವೀಣೆಗೆ ಮರವನ್ನು ಆರಿಸಿ, ತೋಡಿ, ನಯಮಾಡಿದ ಬಡಗಿ ಯಾರೆಂದು ಕೇಳಿದರೆ ಉತ್ತರ ಕೊಡಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಪಶ್ಚಿಮ ದೇಶಗಳಲ್ಲಿಯೂ ಸಂಗತಿ ಬಹುಮಟ್ಟಿಗೆ ಹೀಗೆಯೇ. ಆದರೆ ಗಿಟಾರಿನ ವಿಷಯದಲ್ಲಿ ಒಬ್ಬ ಬಡಗಿಯ ಹೆಸರು ದೊಡ್ಡ ದೊಡ್ಡ ವಾದಕರ ಹೆಸರಿಗೆ ಸರಿಸಮನಾಗಿ ನಿಂತಿದೆ. ಇಂದು ಕಛೇರಿಗಳಲ್ಲಿ ನುಡಿಸುವ ಶಾಸ್ತ್ರೀಯ ಗಿಟಾರಿನ ಅಳತೆ, ಆಕಾರ, ಒಳಗಿನ ಕಟ್ಟಣೆ ಇವೆಲ್ಲವೂ ಬಹುಪಾಲು ಆತನು ಹಾಕಿಕೊಟ್ಟ ದಾರಿಯಲ್ಲಿಯೇ ನಡೆದಿವೆ. ಸ್ಪೇನ್ ದೇಶದ ಆಂಟೋನಿಯೊ ದೆ ತೊರೆಸನೇ ಆತ.

ಬಿ.ಎ. ತರಗತಿಯ ವಿದ್ಯಾರ್ಥಿ ರಾಜರನ್ನೂ ಕವಿಗಳನ್ನೂ ಬಿಟ್ಟು ಪರದೇಶದ ಬಡಗಿಯೊಬ್ಬನ ಚರಿತ್ರೆಯನ್ನು ಏಕೆ ಹಿಡಿದನೆಂದು ಗುರುಗಳು ಕೇಳಬಹುದು. ನಾನು ಗಿಟಾರು ನುಡಿಸುವವನಲ್ಲ. ನಮ್ಮ ತಂದೆಯವರು ಮರದ ಸಾಮಾನುಗಳಿಗೆ ಪಾಲಿಶ್ ಹಾಕುವ ಕೆಲಸದವರು. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿದ ಶೀಸೆಗಳ ನಡುವೆಯೇ ನಾನು ಅಕ್ಷರ ಕಲಿತವನು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತೊರೆಸನ ವಿಷಯವನ್ನು ಓದುತ್ತಾ ಹೋದಂತೆ, ಹತ್ತೊಂಬತ್ತನೆಯ ಶತಮಾನದ ಆ ಸ್ಪೇನಿನವನು ನಮ್ಮ ತಂದೆಯವರು ಬಳಸುವ ಸಾಮಗ್ರಿಯನ್ನೇ, ಹೆಚ್ಚುಕಡಿಮೆ ಅದೇ ರೀತಿಯಲ್ಲಿ ಬಳಸಿದನೆಂದು ತಿಳಿದು ಆಶ್ಚರ್ಯವಾಯಿತು. ಆ ಸಾಮಗ್ರಿಯ ಕಥೆಯೂ ಅದನ್ನು ಕಾಪಾಡುವ ಬಗೆಯೂ ಈ ಚರಿತ್ರೆಯೊಡನೆ ಹೆಣೆದುಕೊಂಡಿರುವುದರಿಂದ ಎರಡನ್ನೂ ಕೂಡಿಯೇ ಹೇಳುತ್ತೇನೆ.

ತೊರೆಸನು 1817ನೆಯ ಇಸವಿ ಜೂನ್ 13ರಂದು ಸ್ಪೇನಿನ ಆಗ್ನೇಯ ಮೂಲೆಯ ಅಲ್ಮೇರಿಯ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿದನು. ಸಮುದ್ರದಂಚಿನಲ್ಲಿದ್ದರೂ ಅದು ಮಳೆ ಕಾಣದ ಒಣಸೀಮೆ. ತಂದೆ ಕಂದಾಯ ವಸೂಲಿಯ ಸಣ್ಣ ಕೆಲಸದಲ್ಲಿದ್ದನು. ಹನ್ನೆರಡನೆಯ ವಯಸ್ಸಿಗೇ ಹುಡುಗನನ್ನು ಬಡಗಿಯ ಬಳಿ ಕೆಲಸ ಕಲಿಯಲು ಬಿಟ್ಟರು. 1833ರಲ್ಲಿ ಸ್ಪೇನಿನ ಸಿಂಹಾಸನಕ್ಕಾಗಿ ಅಂತರ್ಯುದ್ಧ ಹೊತ್ತಿಕೊಂಡಾಗ ಆತನ ಹೆಸರು ಸೈನ್ಯದ ಪಟ್ಟಿಗೆ ಬಂದಿತು. ತಂದೆ ಏನೇನೋ ಪ್ರಯತ್ನ ಮಾಡಿ, ಮಗನಿಗೆ ದೇಹಸ್ಥಿತಿ ಸರಿಯಿಲ್ಲವೆಂದು ಬಿಡಿಸಿಕೊಂಡು ಬಂದನು. ಮದುವೆಯಾದವರನ್ನು ಸೈನ್ಯಕ್ಕೆ ಎಳೆಯುವುದಿಲ್ಲವೆಂಬ ಕಾರಣದಿಂದ 1835ರಲ್ಲಿ ಅಂಗಡಿಯವನೊಬ್ಬನ ಹದಿಮೂರು ವರ್ಷದ ಮಗಳು ಹುವಾನಾಳೊಡನೆ ತರಾತುರಿಯಲ್ಲಿ ಲಗ್ನವೂ ನಡೆಯಿತು. ಯುದ್ಧದಿಂದ ತಪ್ಪಿಸಿಕೊಂಡವನು ಸಂಸಾರದ ಕಷ್ಟದಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಹುಟ್ಟಿದ ಮೂರು ಹೆಣ್ಣುಮಕ್ಕಳಲ್ಲಿ ಇಬ್ಬರು ಎಳೆತನದಲ್ಲಿಯೇ ತೀರಿಕೊಂಡರು. 1845ರಲ್ಲಿ ಹೆಂಡತಿಯೂ ಕ್ಷಯರೋಗದಿಂದ ಸತ್ತಳು. ಆಗ ಆಕೆಗೆ ಇಪ್ಪತ್ತಮೂರೇ ವರ್ಷ. ಮೈತುಂಬ ಸಾಲ. ಕೂಲಿ ಹೆಚ್ಚು ಸಿಗುವ ಕಡೆಗೆ ಹೋಗುವುದಲ್ಲದೆ ಆ ಬಡಗಿಗೆ ಬೇರೆ ದಾರಿಯಿರಲಿಲ್ಲ.

ಆತನು ಸೆವಿಲ್ ನಗರವನ್ನು ಸೇರಿದನು. ಅಲ್ಲಿ ಬೀಗ ಮಾಡುವವರ ಹೆಸರನ್ನು ಹೊತ್ತ ಒಂದು ಬೀದಿಯಲ್ಲಿ ಇನ್ನೊಬ್ಬ ಗಿಟಾರು ಕುಶಲಕರ್ಮಿಯೊಡನೆ ಒಂದೇ ಅಂಗಡಿಯನ್ನು ಹಂಚಿಕೊಂಡು ಕೆಲಸ ಮಾಡಿದನು. ಮೊದಮೊದಲು ಗಿಟಾರು ಆತನಿಗೆ ಪೂರ್ಣ ವೃತ್ತಿಯಾಗಿರಲಿಲ್ಲ. 1850ರ ದಶಕದಲ್ಲಿ ಹೂಲಿಯನ್ ಆರ್ಕಾಸ್ ಎಂಬ ಪ್ರಸಿದ್ಧ ವಾದಕನು ಆತನ ಕೈಚಳಕವನ್ನು ಕಂಡು, ನಾದ ಹೇಗಿರಬೇಕೆಂದು ಸಲಹೆ ಕೊಟ್ಟು ಪ್ರೋತ್ಸಾಹಿಸಿದ ಮೇಲೆ ತೊರೆಸನು ಬೇರೆ ಕೆಲಸಗಳನ್ನು ಬಿಟ್ಟು ಗಿಟಾರನ್ನೇ ನಂಬಿದನು. ವಾದಕನ ಕಿವಿಯೂ ಬಡಗಿಯ ಕೈಯೂ ಹೀಗೆ ಒಂದಾದುದೇ ಮುಂದಿನ ಎಲ್ಲಕ್ಕೂ ಮೂಲ. 1856ರಲ್ಲಿ ಆತನು ಮಾಡಿದ, ಸಿಂಹಿಣಿ ಎಂಬರ್ಥದ ಹೆಸರನ್ನು ಪಡೆದ ಗಿಟಾರು ಇಂದಿಗೂ ಹೆಸರಾಗಿದೆ. 1858ರಲ್ಲಿ ಸೆವಿಲ್ಲಿನ ವಸ್ತುಪ್ರದರ್ಶನದಲ್ಲಿ ಆತನ ಕೆಲಸಕ್ಕೆ ಕಂಚಿನ ಪದಕ ಬಂದಿತು.

ಆತನು ಮಾಡಿದ್ದಾದರೂ ಏನು? ಅದಕ್ಕೆ ಮುಂಚಿನ ಗಿಟಾರುಗಳು ಚಿಕ್ಕವು; ಅವುಗಳ ದನಿಯೂ ಸಣ್ಣದು. ತೊರೆಸನು ಒಡಲನ್ನು ದೊಡ್ಡದು ಮಾಡಿದನು. ಮುಂಭಾಗದ ಹಲಗೆಯನ್ನು ತೆಳ್ಳಗೆ ಮಾಡಿ, ಒಳಗಡೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಏಳು ಸಣ್ಣ ಪಟ್ಟಿಗಳಿಂದ ಅದಕ್ಕೆ ಬಲ ಕೊಟ್ಟನು. ಬೀಸಣಿಗೆ ಪಟ್ಟಿಗಳನ್ನು ಆತನೇ ಮೊದಲು ಕಂಡುಹಿಡಿದನೆಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ, ಆತನಿಗಿಂತ ಹಿಂದಿನವರೂ ಅವನ್ನು ಬಳಸಿದ್ದರು. ಅವುಗಳಿಗೆ ಒಂದು ಅಳತೆಯನ್ನೂ ಸಮತೋಲವನ್ನೂ ತಂದವನು ಮಾತ್ರ ಆತನೇ. ಸುಮಾರು 650 ಮಿಲಿಮೀಟರಿನ ತಂತಿಯ ಉದ್ದ ಆತನ ಮಾದರಿಯಿಂದಲೇ ಎಲ್ಲೆಡೆ ನೆಲೆಯಾಯಿತು.

ನಾದವೆಲ್ಲ ಮುಂಭಾಗದ ಹಲಗೆಯಲ್ಲಿದೆ, ಬೆನ್ನು ಪಕ್ಕಗಳಲ್ಲಿ ಅಷ್ಟಾಗಿ ಇಲ್ಲ ಎಂಬುದು ಆತನ ದೃಢವಾದ ನಂಬಿಕೆ. ಅದನ್ನು ತೋರಿಸಿಕೊಡಲು 1862ರಲ್ಲಿ ಆತನು ವಿಚಿತ್ರವಾದ ಒಂದು ಗಿಟಾರನ್ನು ಮಾಡಿದನು. ಮುಂಭಾಗಕ್ಕೆ ಉತ್ತಮವಾದ ಮರ. ಬೆನ್ನಿಗೂ ಪಕ್ಕಗಳಿಗೂ ಬರಿಯ ಕಾಗದದ ರಟ್ಟು! ಆ ರಟ್ಟಿನ ಗಿಟಾರು ಈಗ ಬಾರ್ಸಿಲೋನದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ವಾದಕ್ಕೆ ಉತ್ತರವಾಗಿ ಗ್ರಂಥ ಬರೆಯುವವರನ್ನು ನಾವು ಬಲ್ಲೆವು. ಈತನು ಒಂದು ಅಕ್ಷರವನ್ನೂ ಬರೆಯದೆ, ಮಾಡಿ ತೋರಿಸಿದನು.

ಮುಂಭಾಗದ ಹಲಗೆಯೇ ನಾದದ ಜೀವವೆಂದ ಮೇಲೆ ಅದರ ಮೇಲೆ ಬಳಿಯುವುದೇನು ಎಂಬ ಪ್ರಶ್ನೆ ಸಣ್ಣದಲ್ಲ. ಎರಡು ಮೂರು ಮಿಲಿಮೀಟರು ದಪ್ಪದ ಹಲಗೆಯ ಮೇಲೆ ಮೆರುಗೆಣ್ಣೆಯನ್ನು ದಪ್ಪವಾಗಿ ಬಳಿದರೆ ಅದು ಕಂಬಳಿ ಹೊದ್ದಂತಾಗುತ್ತದೆ. ಬಳಿಯದೆ ಬಿಟ್ಟರೆ ಬೆವರು, ಧೂಳು, ತೇವ ಇವು ಮರವನ್ನು ತಿನ್ನುತ್ತವೆ. ತೊರೆಸನೂ ಆ ಕಾಲದ ಸ್ಪೇನಿನ ಇತರ ಕುಶಲಿಗಳೂ ಇದಕ್ಕೆ ಕಂಡುಕೊಂಡ ಪರಿಹಾರವೇ ಅರಗು.

ಅರಗೆಂದರೆ ನಮಗೆ ಹೊಸದಲ್ಲ. ಪಾಂಡವರ ಅರಗಿನ ಮನೆಯ ಕಥೆಯನ್ನು ಮಗುವೂ ಬಲ್ಲದು. ಮುತ್ತುಗ, ಎಲಚಿ ಮೊದಲಾದ ಮರಗಳ ಎಳೆಗೊಂಬೆಗಳ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹುಳುಗಳು ತಮ್ಮ ಮೈಯಿಂದ ಒಸರಿಸಿ ಕಟ್ಟಿಕೊಳ್ಳುವ ಗೂಡೇ ಅರಗು. ಅದನ್ನು ಕೆರೆದು, ತೊಳೆದು, ಬಟ್ಟೆಯ ಚೀಲದಲ್ಲಿ ಬಿಸಿಮಾಡಿ ಹಿಂಡಿ, ಹಾಳೆಯಂತೆ ಎಳೆದು ಮುರಿದರೆ ಹೊನ್ನಿನ ಬಣ್ಣದ ಚಕ್ಕೆಗಳಾಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಗೆ ಬೇಕಾದ ಅರಗಿನ ಬಹುಭಾಗ ನಮ್ಮ ದೇಶದ ಕಾಡುಗಳಿಂದಲೇ, ಹೆಚ್ಚಾಗಿ ಕಲ್ಕತ್ತೆಯ ಮಾರ್ಗವಾಗಿ ಹೋಗುತ್ತಿತ್ತು. ಸ್ಪೇನಿನವರು ಅದನ್ನು ಕರೆಯುವ ಲಾಕ ಎಂಬ ಹೆಸರಿನಲ್ಲಿಯೂ ನಮ್ಮ ಲಾಕ್ಷಾ ಶಬ್ದವೇ ಅಡಗಿದೆ. ಚನ್ನಪಟ್ಟಣದ ಆಟಿಕೆಗಳ ಬಣ್ಣವೂ ಅರಗಿನದೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿದ ಕಾವಿಗೇ ಅದು ಕರಗಿ ಅಂಟುತ್ತದೆ. ಮತ ಹಾಕಿದ ನಮ್ಮ ಬೆರಳಿಗೆ ಹಚ್ಚುವ ಶಾಯಿಯನ್ನು ಮಾಡುವ ಮೈಸೂರಿನ ಕಾರ್ಖಾನೆಯೂ 1937ರಲ್ಲಿ ಪ್ರಾರಂಭವಾದಾಗ ಅರಗಿನ ಮತ್ತು ಬಣ್ಣದ ಕಾರ್ಖಾನೆಯೇ ಆಗಿತ್ತು. ಛೋಟಾ ನಾಗಪುರದ ಕಾಡಿನಲ್ಲಿ ಅರಗನ್ನು ಕೆರೆದ ಕೂಲಿಯ ಹೆಂಗಸಿಗೂ ಸೆವಿಲ್ಲಿನ ಬಡಗಿಗೂ ಪರಸ್ಪರ ಪರಿಚಯವಿರಲಿಲ್ಲ. ಆಕೆಯ ಬೆವರು ಮಾತ್ರ ಆತನ ಗಿಟಾರಿನ ಮೇಲೆ ಹೊಳೆಯಿತು. ಅರ್ಥಶಾಸ್ತ್ರದ ತರಗತಿಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಪಾಠ ನಡೆಯುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಆ ಚಕ್ಕೆಗಳನ್ನು ಮದ್ಯಸಾರದಲ್ಲಿ ಕರಗಿಸಿ, ಉಣ್ಣೆಯ ಅಥವಾ ಹತ್ತಿಯ ಉಂಡೆಯ ಮೇಲೆ ನಯವಾದ ಬಟ್ಟೆಯನ್ನು ಸುತ್ತಿ, ಅದರಿಂದ ಮರವನ್ನು ಸುಳಿಸುಳಿಯಾಗಿ ಉಜ್ಜುವುದೇ ಈ ವಿದ್ಯೆ. ಸ್ಪೇನಿನವರು ಆ ಉಂಡೆಯನ್ನು ಗೊಂಬೆಯೆನ್ನುತ್ತಾರೆ. ಉಂಡೆ ಹಿಡಿದುಕೊಳ್ಳದಂತೆ ಒಂದೆರಡು ಹನಿ ಎಣ್ಣೆ. ಸ್ಪೇನಿನಲ್ಲಿ ಆಲಿವ್ ಎಣ್ಣೆ. ಕೈಯನ್ನು ಒಂದೇ ಜಾಗದಲ್ಲಿ ನಿಲ್ಲಿಸಿದರೆ ಕೆಳಗಿನ ಪದರ ಕರಗಿ ಕಿತ್ತುಬರುತ್ತದೆ. ವಿಮಾನವು ನೆಲಕ್ಕಿಳಿದು ಮತ್ತೆ ಏಳುವಂತೆ ಉಂಡೆ ಚಲಿಸುತ್ತಲೇ ಬಂದು ಮುಟ್ಟಿ, ಚಲಿಸುತ್ತಲೇ ಬಿಡಬೇಕು. ಇಂತಹ ಹತ್ತಾರು ಪದರಗಳು, ನಡುನಡುವೆ ದಿನಗಟ್ಟಲೆ ವಿಶ್ರಾಂತಿ, ಕೊನೆಗೆ ಸ್ಪಿರಿಟ್ಟಿನ ಪಸೆಯಿಂದ ಎಣ್ಣೆಯನ್ನು ತೆಗೆಯುವುದು. ಇಷ್ಟೆಲ್ಲ ಆದ ಮೇಲೂ ಹೊದಿಕೆಯ ದಪ್ಪ ಕೂದಲೆಳೆಯಷ್ಟೂ ಇರಲಾರದು. ಹೊಸ ಪದರವು ಹಳೆಯ ಪದರದ ಮೇಲ್ಮೈಯನ್ನು ಕರಗಿಸಿ ಅದರೊಡನೆ ಒಂದಾಗುತ್ತದೆ. ಅರಗಿನ ಹಿರಿಮೆಯೂ ಇದೇ, ದೌರ್ಬಲ್ಯವೂ ಇದೇ. ಗಾಯವಾದರೆ ಕಲೆಯಿಲ್ಲದಂತೆ ಮಾಯಿಸಬಹುದು. ಆದರೆ ಯಾವ ಸ್ಪಿರಿಟ್ಟು ಅದನ್ನು ಹುಟ್ಟಿಸಿತೋ ಅದೇ ಸ್ಪಿರಿಟ್ಟು ಒಂದು ನಿಮಿಷದಲ್ಲಿ ಅದನ್ನು ಅಳಿಸಿಹಾಕಬಲ್ಲದು.

ನಮ್ಮ ಪಟ್ಟಣದ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಆ ಮನೆಯವರಲ್ಲಿ ಹಳೆಯದೊಂದು ಗಿಟಾರಿತ್ತು. ಆಯುಧಪೂಜೆಯ ದಿನ ಅದಕ್ಕೂ ಗಂಧ ಕುಂಕುಮಗಳನ್ನು ಹಚ್ಚಿ ಹೂವೇರಿಸಿದರು. ಮಾರನೆಯ ದಿನ ಒಣಗಿದ ಗಂಧ ಹೋಗಲೊಲ್ಲದೆಂದು ಯಾರೋ ಗಾಯಕ್ಕೆ ಹಚ್ಚುವ ಸ್ಪಿರಿಟ್ಟನ್ನು ಬಟ್ಟೆಗೆ ಸುರಿದು ತಿಕ್ಕಿದರು. ಗಂಧ ಹೋಯಿತು, ಬಟ್ಟೆ ಗಿಟಾರಿಗೆ ಅಂಟಿಕೊಂಡಿತು. ನಮ್ಮ ತಂದೆಯವರಿಗೆ ಕರೆಬಂದಿತು. ಜೊತೆಯಲ್ಲಿ ನಾನೂ ಹೋದೆ. ಬಟ್ಟೆಯ ನೂಲು ಅಂಟಿದ ರೀತಿಯಿಂದಲೇ ಅದು ಅರಗೆಂದು ಅವರು ತಿಳಿದುಕೊಂಡರು. ಮನೆಯವರು ಉಪ್ಪುಕಾಗದದಿಂದ ಪೂರ್ತಿ ಉಜ್ಜಿ ಹೊಸದಾಗಿ ಬಳಿದುಬಿಡಿ ಎಂದು ಒತ್ತಾಯಪಡಿಸಿದರು. ಅದರಿಂದ ತಂದೆಯವರಿಗೆ ಕೂಲಿಯೂ ಹೆಚ್ಚು ಸಿಗುತ್ತಿತ್ತು. ಅವರು ಒಪ್ಪಲಿಲ್ಲ. ಒಂದು ವಾರ ಅದನ್ನು ಮುಟ್ಟದೆ ಗಟ್ಟಿಯಾಗಲು ಬಿಟ್ಟು, ಆಮೇಲೆ ಅಂಗೈಯಗಲದ ಆ ಜಾಗಕ್ಕಷ್ಟೇ ಉಂಡೆಯನ್ನು ಆಡಿಸಿ, ಅಳಿದುಳಿದ ಅರಗಿನೊಡನೆ ಹೊಸ ಅರಗನ್ನು ಕೂಡಿಸಿದರು. ಮೊದಲು ಮಾಡಿದವನ ಕೆಲಸವನ್ನು ಕಿತ್ತುಹಾಕುವುದು ತಮ್ಮ ಕೆಲಸವಲ್ಲವೆಂಬುದು ಅವರ ಎಣಿಕೆ. ಅವರು ನಾಲ್ಕನೆಯ ತರಗತಿಯವರೆಗೆ ಓದಿದವರು.

ಇಂತಹ ಗಿಟಾರು ಇರುವವರು ತಿಳಿಯಬೇಕಾದುದು ಹೆಚ್ಚೇನಿಲ್ಲ. ನುಡಿಸಿ ಮುಗಿದೊಡನೆ ಒಗೆದು ಮೆತ್ತಗಾದ ಹತ್ತಿಯ ಬಟ್ಟೆಯಿಂದ, ಹಳೆಯ ಪಂಚೆಯ ತುಂಡಾದರೂ ಸರಿ, ಹಗುರವಾಗಿ ಒರೆಸಬೇಕು. ಬಲಗೈ ಊರುವ ಅಂಚು, ಎದೆ ತಗಲುವ ಬೆನ್ನು, ಹೆಬ್ಬೆರಳು ಓಡಾಡುವ ಕತ್ತು, ಬೆವರು ಕೂಡುವುದು ಈ ಮೂರೇ ಕಡೆ. ಧೂಳಿದ್ದರೆ ಮೊದಲು ಅದನ್ನು ಮೆತ್ತನೆಯ ಕುಂಚದಿಂದ ಹಾರಿಸಬೇಕು. ಧೂಳಿನ ಮೇಲೆಯೇ ತಿಕ್ಕಿದರೆ ಒಂದೊಂದು ಕಣವೂ ಗೀರುತ್ತದೆ. ಅದಕ್ಕೂ ಹೋಗದ ಕೊಳೆಗೆ ಬಾಯಿಯ ಆವಿಯನ್ನು ಊದಿ ಒರೆಸಬಹುದು, ಇಲ್ಲವೆ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಆಡಿಸಿ ಮರುಕ್ಷಣವೇ ಒಣಬಟ್ಟೆಯಿಂದ ಒರೆಸಬಹುದು. ನೀರು ನಿಂತರೆ ಅರಗು ಬೆಳ್ಳಗೆ ಮಂಜು ಕಟ್ಟುತ್ತದೆ. ಸೋಡದ ಪುಡಿ, ಬಟ್ಟೆ ಒಗೆಯುವ ಸಾಬೂನು, ಅಮೋನಿಯ ಬೆರೆತ ಗಾಜು ಒರೆಸುವ ದ್ರವ ಇವು ಕ್ಷಾರಗಳು. ಕ್ಷಾರದಲ್ಲಿ ಅರಗು ಕರಗುತ್ತದೆ. ಕ್ಷೌರದ ನಂತರ ಹಚ್ಚುವ ಸುಗಂಧದ್ರವ, ಹಾಗೂ 2020ರ ಸಾಂಕ್ರಾಮಿಕದಿಂದ ಈಚೆಗೆ ಎಲ್ಲರ ಜೇಬಿನಲ್ಲಿಯೂ ಸೇರಿರುವ ಕೈಗೆ ಹಚ್ಚುವ ಸ್ಯಾನಿಟೈಸರ್ ಇವುಗಳಲ್ಲಿ ಸಾಮಾನ್ಯವಾಗಿ ಮದ್ಯಸಾರವಿರುತ್ತದೆ. ಅದು ಆರುವ ಮೊದಲು ಗಿಟಾರನ್ನು ಮುಟ್ಟಿದರೆ ಬೆರಳಿನ ಗುರುತು ಅಚ್ಚೊತ್ತಿದಂತೆ ನಿಲ್ಲುತ್ತದೆ. ಅಂಗಡಿಯಲ್ಲಿ ಮಾರುವ ಮೇಜು ಕುರ್ಚಿಯ ಹೊಳಪಿನ ದ್ರವಗಳಲ್ಲಿ ಸಿಲಿಕೋನ್ ಸೇರಿದ್ದರೆ ತಕ್ಷಣಕ್ಕೆ ಹೊಳಪೇನೋ ಬರುತ್ತದೆ. ಮುಂದೆ ದುರಸ್ತಿಗೆಂದು ಅರಗು ಹಾಕಹೋದರೆ ಅದು ಹಿಡಿಯದೆ ಮೀನಿನ ಕಣ್ಣಿನಂತೆ ಗುಳಿಗುಳಿಯಾಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರಂತೂ ಅರಗು ಮೆದುವಾಗಿ ಪೆಟ್ಟಿಗೆಯ ಬಟ್ಟೆಯ ಅಚ್ಚು ಅದರ ಮೇಲೆ ಮೂಡುತ್ತದೆ.

ಆದರೆ ಇಂದು ನಮ್ಮ ಗೆಳೆಯರ ಕೈಯಲ್ಲಿರುವ ಗಿಟಾರುಗಳಲ್ಲಿ ಅರಗಿನವು ಬಹು ಕಡಿಮೆ. ಹೆಚ್ಚಿನವಕ್ಕೆ ಪಾಲಿಯುರೇಥೇನ್ ಮೊದಲಾದ ಗಟ್ಟಿಯಾದ ಹೊದಿಕೆಯಿರುತ್ತದೆ. ಅವು ತೇವದ ಬಟ್ಟೆಗೂ ಗಿಟಾರಿಗೆಂದೇ ಮಾರುವ ಪಾಲಿಶಿಗೂ ಹೆದರುವುದಿಲ್ಲ; ಹೊಳಪಿಲ್ಲದಂತೆ ಮಂಕಾಗಿಯೇ ಮಾಡಿದವುಗಳನ್ನು ಮಾತ್ರ ತಿಕ್ಕಬಾರದು, ತಿಕ್ಕಿದಲ್ಲೆಲ್ಲ ಹೊಳೆಯುವ ತೇಪೆಗಳಾಗುತ್ತವೆ. 1920ರ ದಶಕದಿಂದ ಬಳಕೆಗೆ ಬಂದ ನೈಟ್ರೋಸೆಲ್ಯುಲೋಸ್ ಹೊದಿಕೆಯ ಹಳೆಯ ಅಮೆರಿಕನ್ ಗಿಟಾರುಗಳನ್ನು ರಬ್ಬರಿನ ಆಸರೆಗೆ ಬಹುಕಾಲ ಒರಗಿಸಿಟ್ಟರೆ ಆ ಜಾಗ ಕರಗಿ ಕಪ್ಪಾಗುತ್ತದೆ. ಯಾವ ಹೊದಿಕೆಯೆಂದು ತಿಳಿಯದಿದ್ದರೆ ಒಣಬಟ್ಟೆಯೊಂದನ್ನು ಬಿಟ್ಟು ಬೇರೇನನ್ನೂ ಹಚ್ಚದಿರುವುದೇ ಕ್ಷೇಮ.

ಇನ್ನು ತೊರೆಸನ ಕಥೆಗೆ ಬರೋಣ. 1868ರಲ್ಲಿ ಆತನು ಹೊಸೆಫಾ ಎಂಬಾಕೆಯನ್ನು ಮದುವೆಯಾದನು. ಮರುವರ್ಷ ಅಂಗಡಿಗೆ ಹದಿನಾರು ಹದಿನೇಳರ ಹುಡುಗನೊಬ್ಬನು ಬಂದನು. ಬಡವರ ಮನೆಯ ಹುಡುಗ; ಜೊತೆಯಲ್ಲಿ ಹಣ ಕೊಡಬಲ್ಲ ಪೋಷಕನೊಬ್ಬನಿದ್ದನು. ತೊರೆಸನು ಮೊದಲಿಗೆ ಸಾಧಾರಣ ಬೆಲೆಯ ಗಿಟಾರನ್ನು ತೆಗೆದು ತೋರಿಸಿದನು. ಹುಡುಗನು ಅದನ್ನು ನುಡಿಸಿದುದನ್ನು ಕೇಳಿ ಮಾತಿಲ್ಲದೆ ಒಳಗೆ ಹೋಗಿ, 1864ರಲ್ಲಿ ತನಗಾಗಿ ಮಾಡಿಟ್ಟುಕೊಂಡಿದ್ದ ಗಿಟಾರನ್ನು ತಂದುಕೊಟ್ಟನು. ಆ ಹುಡುಗನೇ ಮುಂದೆ ಲೋಕಪ್ರಸಿದ್ಧನಾದ ಫ್ರಾನ್ಸಿಸ್ಕೊ ತಾರೆಗ. ಸುಮಾರು ಇಪ್ಪತ್ತು ವರ್ಷ ಅದೇ ಗಿಟಾರು ಆತನ ಸಂಗಾತಿಯಾಗಿತ್ತು.

ಇಷ್ಟು ಕೀರ್ತಿಯಿದ್ದರೂ ಕೈಯಲ್ಲಿ ಕಾಸು ನಿಲ್ಲಲಿಲ್ಲ. 1870ರ ಸುಮಾರಿಗೆ ತೊರೆಸನು ಸೆವಿಲ್ಲಿನ ಅಂಗಡಿಗೆ ಬಾಗಿಲು ಹಾಕಿ ಅಲ್ಮೇರಿಯಕ್ಕೆ ಹಿಂದಿರುಗಿ, ಹೆಂಡತಿಯೊಡನೆ ಪಿಂಗಾಣಿ ಮತ್ತು ಗಾಜಿನ ಪಾತ್ರೆಗಳ ಅಂಗಡಿಯನ್ನಿಟ್ಟನು. ಗಿಟಾರಿನ ಇತಿಹಾಸದಲ್ಲಿಯೇ ಶ್ರೇಷ್ಠನಾದ ಕುಶಲಿಯು ಬಟ್ಟಲು ಬಸಿಗಳನ್ನು ಎಣಿಸುತ್ತಾ ಕುಳಿತ ಆ ವರ್ಷಗಳನ್ನು ನೆನೆದರೆ ಮನಸ್ಸು ಮುದುಡುತ್ತದೆ. 1875ರಿಂದ ಬಿಡುವಿನ ವೇಳೆಯಲ್ಲಿ ಮತ್ತೆ ಉಳಿ ಹಿಡಿದನು. ಗಿಟಾರಿನೊಳಗೆ ಅಂಟಿಸುವ ಚೀಟಿಯಲ್ಲಿ ಎರಡನೆಯ ಕಾಲವೆಂದು ತಾನೇ ಗುರುತು ಹಾಕಿ, ಕ್ರಮಸಂಖ್ಯೆಯನ್ನೂ ಬರೆದನು. 1883ರಲ್ಲಿ ಹೊಸೆಫಾ ತೀರಿಕೊಂಡ ಮೇಲೆ ಕೆಲಸ ಹೆಚ್ಚಿತು. ವರ್ಷಕ್ಕೆ ಹನ್ನೆರಡರ ಸುಮಾರಿಗೆ ಗಿಟಾರುಗಳು ಹೊರಬಂದವು. ಈ ಎರಡನೆಯ ಕಾಲದಲ್ಲಿಯೇ ಸಂಖ್ಯೆ 150ನ್ನು ದಾಟಿತು.

ಮುದಿತನದಲ್ಲಿ ಕೈ ನಡುಗುತ್ತಿತ್ತು. ಹುವಾನ್ ಮಾರ್ತಿನೆಸ್ ಸಿರ್ವೆಂತ್ ಎಂಬ ತರುಣ ಪಾದ್ರಿಯು ಬಂದು ಸಣ್ಣಪುಟ್ಟ ಭಾಗಗಳನ್ನು ಅಂಟಿಸಲು ನೆರವಾಗುತ್ತಿದ್ದನು. 1931ರಲ್ಲಿ ಆತನು ಬರೆದ ಪತ್ರದಿಂದಲೇ ಆ ದಿನಗಳ ವಿವರಗಳು ನಮಗೆ ಉಳಿದಿವೆ. ವಿದ್ಯೆಯ ಗುಟ್ಟನ್ನು ಬಿಟ್ಟುಕೊಡದೆ ಸಾಯುವುದು ತರವೇ ಎಂದು ಕೇಳಿದವರಿಗೆ, ಹಲಗೆಯ ದಪ್ಪವನ್ನು ಅಳೆಯುವ ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿಯೇ ಅದೆಲ್ಲ ಇದೆಯೆಂದೂ, ಅದನ್ನು ಹಿಂದೆ ಬಿಟ್ಟುಹೋಗುವುದು ತನ್ನ ವಶದಲ್ಲಿಲ್ಲವೆಂದೂ ತೊರೆಸನು ತಿಳಿಸಿದನಂತೆ. 1892ರ ನವೆಂಬರ್ 19ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಅಲ್ಮೇರಿಯದಲ್ಲಿಯೇ ತೀರಿಕೊಂಡನು.

ಆತನ ಮಾದರಿಯನ್ನು ಮ್ಯಾಡ್ರಿಡ್ಡಿನ ಮಾನ್ವೆಲ್ ರಮಿರೆಸನೇ ಮೊದಲಾದವರು ಹಿಡಿದು ಮುಂದುವರಿಸಿದರು. 1987ರಲ್ಲಿ ಹೊಸೆ ರೊಮಾನಿಯೋಸ್ ಆತನ ಜೀವನವನ್ನೂ ಕೆಲಸವನ್ನೂ ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅವನೂ ಗಿಟಾರು ಮಾಡುತ್ತಿದ್ದವನೇ. ಗಿಟಾರುಗಳ ಗತಿ ಬೇರೆಬೇರೆಯಾಯಿತು. ಒಳ್ಳೆಯ ಉದ್ದೇಶದಿಂದಲೇ ಮರಳುಕಾಗದ ಹಿಡಿದವರ ಕೈಗೆ ಸಿಕ್ಕ ಹಳೆಯ ಗಿಟಾರುಗಳಲ್ಲಿ ಹೊಳಪು ಹೊಸದಾಯಿತು, ಅರಗಿನ ಜೊತೆಗೆ ಹಲಗೆಯ ದಪ್ಪವೂ ಸವೆಯಿತು; ಆ ದಪ್ಪವಾದರೋ ಬೆರಳ ತುದಿಯಿಂದ ಅಳೆದು ನಿಲ್ಲಿಸಿದ್ದು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ವಸ್ತುಗಳ ಮೆರುಗನ್ನು ಕಾಪಾಡುವವರು ಇಂದು ಅಷ್ಟು ಸುಲಭವಾಗಿ ಹೊಸ ಪಾಲಿಶನ್ನು ಮುಟ್ಟುವುದಿಲ್ಲ. ಕಡ್ಡಿಗೆ ಸುತ್ತಿದ ಹತ್ತಿಯನ್ನು ತಮ್ಮ ಬಾಯಿಯ ಜೊಲ್ಲಿನಲ್ಲಿಯೇ ಒದ್ದೆಮಾಡಿ, ಬೆರಳಗಲ ಬೆರಳಗಲವಾಗಿ ಉರುಳಿಸಿ ಕೊಳೆಯನ್ನು ತೆಗೆಯುವುದೂ ಅವರಲ್ಲಿ ರೂಢಿಯಲ್ಲಿರುವ ಕ್ರಮ. ಎಂಜಲಿನಲ್ಲಿರುವ ಕಿಣ್ವಗಳು ಬೆವರು ಜಿಡ್ಡುಗಳನ್ನು ಸಡಿಲಿಸುತ್ತವೆಯಂತೆ. ಸರಸ್ವತಿಯ ವಸ್ತುವಿಗೆ ಎಂಜಲೇ ಎಂದು ನಮ್ಮ ಮನೆಯ ಹೆಂಗಸರು ಹೌಹಾರಿದರು. ತಂದೆಯವರು ಮಾತ್ರ ಆ ಹತ್ತಿಯನ್ನು ಎಷ್ಟು ಹೊತ್ತಿಗೊಮ್ಮೆ ಬದಲಾಯಿಸುತ್ತಾರೆಂದು ಕೇಳಿದರು.